ದ್ವೀಪದಲ್ಲಿ ಸಿಕ್ಕಿಬಿದ್ದ ಮಕ್ಕಳಿಗೆ ಸಮರ್ಥ ನಾಯಕ ಯಾರು? ‘ಲಾರ್ಡ್ ಆಫ್ ದಿ ಫ್ಲೈಸ್’ ಓದಿ ಪ್ರಬಂಧ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ಈ ಕಾದಂಬರಿಯನ್ನು ಪಠ್ಯವಾಗಿ ಓದುವವರಿಗೆ ಇಂದಲ್ಲ ನಾಳೆ ಎದುರಾಗುವ ಪ್ರಶ್ನೆ ಇದು: ರಾಲ್ಫ್ ಮತ್ತು ಜಾಕ್, ಇಬ್ಬರಲ್ಲಿ ಸಮರ್ಥ ನಾಯಕ ಯಾರು? ಉತ್ತರವೂ ಸಾಮಾನ್ಯವಾಗಿ ತಯಾರಾಗಿಯೇ ಇರುತ್ತದೆ. ರಾಲ್ಫ್ ಒಳ್ಳೆಯವನು, ಎಲ್ಲರ ಮಾತು ಕೇಳುವವನು. ಜಾಕ್ ಕ್ರೂರಿ, ಸರ್ವಾಧಿಕಾರಿ. ಪಿಗ್ಗಿ ಬುದ್ಧಿವಂತ, ಪಾಪ. ಸುಳ್ಳೇನಲ್ಲ. ಆದರೆ ಇದು ನಡತೆಯ ಸರ್ಟಿಫಿಕೇಟ್ ಆಯಿತೇ ಹೊರತು ನಾಯಕತ್ವದ ವಿಶ್ಲೇಷಣೆ ಆಗಲಿಲ್ಲ. ಅಷ್ಟು ಒಳ್ಳೆಯ ರಾಲ್ಫ್‌ನ ಕೈಯಿಂದ ಅಧಿಕಾರ ಯಾಕೆ ಜಾರಿತು, ಜಾಕ್‌ನ ಕ್ರೌರ್ಯ ಕಣ್ಣಿಗೆ ಕಾಣುತ್ತಿದ್ದರೂ ಹುಡುಗರು ಅವನ ಹಿಂದೆ ಯಾಕೆ ಹೋದರು ಎಂದು ಕೇಳಿದರೆ ಆ ಉತ್ತರ ಬಾಯಿ ಮುಚ್ಚಿಕೊಳ್ಳುತ್ತದೆ.

ಈ ಮಾರ್ಗದರ್ಶಿ ಹಿಡಿಯುವ ದಾರಿ ಬೇರೆ. ಸಭೆಯಲ್ಲಿ ಯಾರು ಏನು ಹೇಳಿದರು ಎನ್ನುವುದನ್ನು ಸ್ವಲ್ಪ ಬದಿಗಿಡಿ. ಸಭೆ ಮುಗಿದ ಮೇಲೆ ಏನು ನಡೆಯಿತು, ನಾಯಕ ಕಣ್ಣೆದುರು ಇಲ್ಲದಾಗ ಕೆಲಸ ಮುಂದುವರಿಯಿತೇ ಎಂದು ಹುಡುಕಿ. ಕಾದಂಬರಿ ಈ ಪ್ರಶ್ನೆಗೆ ಬೇಕಾದ ಪುರಾವೆಯನ್ನು ಹೆಜ್ಜೆಹೆಜ್ಜೆಗೂ ಬಿಟ್ಟಿದೆ. ಮೊದಲ ಓದಿನಲ್ಲಿ ಕತೆಯ ಓಟಕ್ಕೆ ಸಿಕ್ಕಿ ಅದು ಕಣ್ತಪ್ಪುತ್ತದೆ, ಅಷ್ಟೆ.

ಮೊದಲು ಬೇಕಾದದ್ದು

ಕಾದಂಬರಿಯಲ್ಲಿ 12 ಅಧ್ಯಾಯಗಳಿವೆ. ಒಮ್ಮೆ ಪೆನ್ನು ಮುಟ್ಟದೆ ಪೂರ್ತಿ ಓದಿ. ಎರಡನೇ ಸಲ ಎಲ್ಲವನ್ನೂ ಓದಬೇಕಿಲ್ಲ. ನಾಯಕತ್ವದ ಮಟ್ಟಿಗೆ 1, 2, 4, 5, 8, 9 ಮತ್ತು 10ನೇ ಅಧ್ಯಾಯಗಳು ಮುಖ್ಯ. 12ನೆಯದರ ಕೊನೆಯ ಕೆಲವು ಪುಟಗಳನ್ನು ಬಿಡಬೇಡಿ. ಸಾರಾಂಶದ ಗೈಡ್‌ಗಳನ್ನು ಈ ಹಂತದಲ್ಲಿ ತೆರೆಯದಿರುವುದು ಲೇಸು. ಅವು ಪಾತ್ರಕ್ಕೊಂದು ಚೀಟಿ ಅಂಟಿಸಿ ಕೊಡುತ್ತವೆ, ಆಮೇಲೆ ಆ ಚೀಟಿಯೇ ಕಾಣುತ್ತದೆ, ಪಾತ್ರ ಕಾಣುವುದಿಲ್ಲ.

ಹಂತ 1: ‘ಸಮರ್ಥ’ ಅಂದರೆ ಏನೆಂದು ನೀವೇ ನಿಗದಿ ಮಾಡಿ

ಅಳತೆಗೋಲು ಇಲ್ಲದೆ ಅಳೆಯಲು ಹೊರಟರೆ ಪ್ರಬಂಧ ಎರಡನೇ ಪ್ಯಾರಾದಲ್ಲೇ ದಿಕ್ಕು ತಪ್ಪುತ್ತದೆ. ದೊಡ್ಡವರಿಲ್ಲದ ದ್ವೀಪದಲ್ಲಿ ಮಕ್ಕಳ ಗುಂಪು ಬದುಕಬೇಕೆಂದರೆ ನಾಯಕನಿಂದ ನಾಲ್ಕು ಸಂಗತಿ ಆಗಬೇಕು. ನೀರು, ಸೂರು, ಬೆಂಕಿಯಂಥ ದಿನನಿತ್ಯದ ಕೆಲಸ ಅವನು ಇಲ್ಲದಾಗಲೂ ನಡೆಯಬೇಕು. ಗುಂಪಿನ ಭಯ ಹತೋಟಿಯಲ್ಲಿರಬೇಕು. ಎದುರು ಮಾತಾಡುವವನು ಗುಂಪಿನ ಒಳಗೇ ಉಳಿಯುವಂತಿರಬೇಕು. ಎಲ್ಲರಿಗಿಂತ ಚಿಕ್ಕವರು ಲೆಕ್ಕಕ್ಕೆ ಸಿಗಬೇಕು. ಲೆಕ್ಕ ಎಂಬ ಪದವನ್ನು ಅಕ್ಷರಶಃ ತೆಗೆದುಕೊಳ್ಳಿ, ಯಾಕೆಂದು ಮುಂದೆ ಬರುತ್ತದೆ.

ಇದನ್ನು ಎರಡು ವಾಕ್ಯದಲ್ಲಿ ಬರೆದು ಮೇಜಿನ ಮೇಲೆ ಇಟ್ಟುಕೊಳ್ಳಿ. ಒಳ್ಳೆಯತನವನ್ನು ಈ ಪಟ್ಟಿಗೆ ಸೇರಿಸಬೇಡಿ. ಒಬ್ಬ ಹುಡುಗ ಒಳ್ಳೆಯವನಾಗಿದ್ದೂ ಕೆಲಸ ಮಾಡಿಸಲಾಗದವನಾಗಿರಬಹುದು. ಕಾದಂಬರಿಯ ಅರ್ಧ ದುರಂತ ಇರುವುದೇ ಅಲ್ಲಿ.

ಹಂತ 2: ತೀರ್ಮಾನಗಳ ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಅಧ್ಯಾಯ, ತೀರ್ಮಾನ, ಯಾರದು, ಮಾಡಬೇಕಾದವರು ಯಾರು, ಕೊನೆಗೆ ಆದದ್ದೇನು. ಹನ್ನೆರಡರಿಂದ ಹದಿನೈದು ಸಾಲು ತುಂಬಿದರೆ ಸಾಕು. ಐದನೇ ಕಾಲಂ ತುಂಬುವಾಗ ಕೈ ತಾನಾಗಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಮತ್ತೆಮತ್ತೆ ಒಂದೇ ಮಾತು ಬರುತ್ತದೆ: ಶುರುವಾಯಿತು, ನಿಂತಿತು.

ಗುಡಿಸಲುಗಳ ಸಾಲನ್ನೇ ನೋಡಿ. 5ನೇ ಅಧ್ಯಾಯದ ಸಭೆಯಲ್ಲಿ ರಾಲ್ಫ್ ತಾನೇ ಲೆಕ್ಕ ಒಪ್ಪಿಸುತ್ತಾನೆ. ಮೊದಲ ಗುಡಿಸಲನ್ನು ಎಲ್ಲರೂ ಸೇರಿ ಕಟ್ಟಿದರು. ಎರಡನೆಯದಕ್ಕೆ ನಾಲ್ವರು ಉಳಿದರು. ಮೂರನೆಯದನ್ನು ಕಟ್ಟಿದ್ದು ರಾಲ್ಫ್ ಮತ್ತು ಸೈಮನ್ ಇಬ್ಬರೇ, ಹಾಗಾಗಿ ಅದು ಅಲುಗಾಡುತ್ತಿದೆ. ಎಲ್ಲರೂ, ನಾಲ್ವರು, ಇಬ್ಬರು. ಇಡೀ ಗುಂಪಿನ ಕತೆ ಈ ಇಳಿಕೆಯಲ್ಲಿದೆ. ಅದೇ ಸಭೆಯಲ್ಲಿ ನೀರಿನ ವಿಷಯವೂ ಬರುತ್ತದೆ: ತೆಂಗಿನ ಚಿಪ್ಪುಗಳಲ್ಲಿ ನೀರು ತುಂಬಿ ಎಲೆ ಮುಚ್ಚಿಡಬೇಕೆಂದು ಠರಾವಾಗಿತ್ತು, ಕೆಲವು ದಿನ ನಡೆಯಿತು, ಈಗ ಚಿಪ್ಪು ಖಾಲಿ. ಶೌಚಕ್ಕೆ ಅಲೆ ಬಂದು ತೊಳೆಯುವ ಬಂಡೆಗಳನ್ನು ಗೊತ್ತು ಮಾಡಿದ್ದರು; ಈಗ ಎಲ್ಲೆಂದರಲ್ಲಿ.

ತೀರ್ಮಾನಗಳೆಲ್ಲ ಸರಿಯಾಗಿಯೇ ಇವೆ, ಗಮನಿಸಿ. ನೀರು, ಸೂರು, ಶುಚಿ, ಹೊಗೆ. ಯಾವ ಅನುಭವಿಯನ್ನು ಕೇಳಿದರೂ ಹೆಚ್ಚುಕಡಿಮೆ ಇದೇ ಪಟ್ಟಿ ಕೊಟ್ಟಾನು. ಹನ್ನೆರಡು ವರ್ಷ ದಾಟಿದ ಹುಡುಗನಿಗೆ ಇದು ಸಣ್ಣ ಸಾಧನೆಯಲ್ಲ. ಇಲ್ಲದಿರುವುದು ಒಂದೇ: ಈ ದಿನ ಇಂಥವನ ಪಾಳಿ, ತಪ್ಪಿದರೆ ಕೇಳುವವನು ಇಂಥವನು ಎಂಬ ಏರ್ಪಾಡು.

ಹಂತ 3: ಚುನಾವಣೆಯನ್ನು ನಿಧಾನವಾಗಿ ಓದಿ

ಮೊದಲ ಅಧ್ಯಾಯದ ಮತದಾನದಲ್ಲಿ ಜಾಕ್ ಮುಂದಿಡುವ ಅರ್ಹತೆ ಶಾಲೆಯದು: ತಾನು ಗಾಯಕವೃಂದದ ಮುಖ್ಯಸ್ಥ, ಎತ್ತರದ ಸ್ವರ ಹಾಡಬಲ್ಲೆ. ದ್ವೀಪಕ್ಕೂ ಅದಕ್ಕೂ ಸಂಬಂಧವಿಲ್ಲ. ರಾಲ್ಫ್‌ನ ಅರ್ಹತೆಯೂ ಹಾಗೆ ನೋಡಿದರೆ ಗಟ್ಟಿಯದಲ್ಲ. ಅವನ ಮೈಕಟ್ಟು, ಚೆಂದದ ರೂಪ, ಅಲುಗದೆ ಕೂತ ಗಾಂಭೀರ್ಯ, ಎಲ್ಲಕ್ಕಿಂತ ಹೆಚ್ಚಾಗಿ, ಊದಿ ಎಲ್ಲರನ್ನೂ ಸಭೆಗೆ ಕರೆದ, ಕೈಯಲ್ಲಿದ್ದ ಶಂಖ. ಆ ಶಂಖ ಏನೆಂದು ಗುರುತಿಸಿದವನು, ಹೇಗೆ ಊದಬೇಕೆಂದು ಹೇಳಿಕೊಟ್ಟವನು ಪಿಗ್ಗಿ. ಪಿಗ್ಗಿಗೆ ಆಸ್ತಮಾ ಇದ್ದುದರಿಂದ ಊದಿದವನು ರಾಲ್ಫ್. ಮತ ಬಿದ್ದದ್ದು ಊದಿದವನಿಗೆ. ಪಿಗ್ಗಿ ಕೂಡ ಅವನಿಗೇ ಕೈ ಎತ್ತಿದ, ಒಲ್ಲದ ಮನಸ್ಸಿನಿಂದ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, ಚುನಾವಣೆಯಲ್ಲಿ ಗೆದ್ದ ಕಾರಣ ರಾಲ್ಫ್ ಅರ್ಹ ಎಂದು ಬರೆಯುವುದು. ಮಕ್ಕಳಿಗೆ ಆ ಹೊತ್ತಿನಲ್ಲಿ ಮತ ಹಾಕುವುದೇ ಒಂದು ಆಟ. ಗೆಲುವು ತೋರಿಸುವುದು ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ಮಾತ್ರ. ಶಂಖದಿಂದ ಬಂದ ಅಧಿಕಾರ ಶಂಖಕ್ಕೆ ಬೆಲೆ ಇರುವವರೆಗೆ ಇರುತ್ತದೆ.

ಮತದಾನ ಮುಗಿದ ಕೂಡಲೇ ರಾಲ್ಫ್ ಮಾಡುವ ಒಂದು ಕೆಲಸವನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಸೋತ ಜಾಕ್‌ನ ಮುಖ ಕೆಂಪಾಗಿರುವುದನ್ನು ನೋಡಿ, ಗಾಯಕವೃಂದ ನಿನ್ನದೇ ಎಂದು ಬಿಟ್ಟುಕೊಡುತ್ತಾನೆ. ಆ ಹೊತ್ತಿಗೆ ಅದು ಚಾಣಾಕ್ಷ ನಡೆ. ಎದುರಾಳಿಗೆ ಗೌರವ ಉಳಿಯಿತು, ಗುಂಪು ಒಡೆಯಲಿಲ್ಲ. ಅದರ ಬೆಲೆ ತಿಳಿಯುವುದು ಎರಡನೇ ಅಧ್ಯಾಯದಲ್ಲಿ. ಬೇಟೆಯಾಡುವ ಗುಂಪು ಜಾಕ್‌ನದು. ಹಡಗಿನವರಿಗೆ ಕಾಣಲೆಂದು ಬೆಟ್ಟದ ಮೇಲೆ ಹೊಗೆ ಎಬ್ಬಿಸುವ ಬೆಂಕಿಯನ್ನು ಕಾಯುವ ಹೊಣೆಯನ್ನೂ ಜಾಕ್ ತಾನೇ ಕೇಳಿ ಪಡೆಯುತ್ತಾನೆ, ಈ ವಾರ ಒಂದು ಸ್ವರದವರು, ಮುಂದಿನ ವಾರ ಇನ್ನೊಂದು ಸ್ವರದವರು ಎಂದು ಪಾಳಿಯನ್ನೂ ಹಚ್ಚುತ್ತಾನೆ. ಅಂದರೆ ಇಡೀ ಪುಸ್ತಕದಲ್ಲಿ ಸರಿಯಾಗಿ ಪಾಳಿ ಹಚ್ಚಿದ ಕೆಲಸ ಇದ್ದದ್ದು ಇದೊಂದೇ, ಅದನ್ನು ನಡೆಸುವವನು ಬೇಟೆಯ ಹುಚ್ಚು ಹಿಡಿದವನು. ಒಂದೇ ಪಡೆಗೆ ಎರಡು ಕೆಲಸ, ಎರಡೂ ಒಂದೇ ಹೊತ್ತಿಗೆ ಬಿದ್ದರೆ ಯಾವುದು ಮೊದಲು ಎಂದು ರಾಲ್ಫ್ ಹೇಳಿರಲಿಲ್ಲ.

ಹಂತ 4: ಹಡಗು ಮತ್ತು ಸಂಜೆಯ ಸಭೆ

ನಿಮ್ಮ ಪ್ರಬಂಧದ ನಡುಭಾಗ ಇಲ್ಲಿರಬೇಕು. 4 ಮತ್ತು 5ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಎರಡೂ ಒಂದೇ ದಿನದ ಕತೆ.

ದಿಗಂತದಲ್ಲಿ ಹಡಗಿನ ಹೊಗೆ ಕಾಣುತ್ತದೆ. ಬೆಟ್ಟದ ಮೇಲೆ ಹೊಗೆ ಇಲ್ಲ. ರಾಲ್ಫ್ ಈಜುಕೊಳದ ಬಳಿಯಿಂದ ಓಡುತ್ತಾನೆ. ಮೇಲೆ ಮುಟ್ಟುವ ಹೊತ್ತಿಗೆ ಬೂದಿ ತಣ್ಣಗಾಗಿದೆ, ಹಡಗು ಮರೆಯಾಗುತ್ತಿದೆ. ಆ ದಿನ ಬೆಂಕಿಯ ಪಾಳಿ ಅವಳಿಗಳಾದ ಸ್ಯಾಮ್ ಮತ್ತು ಎರಿಕ್‌ರದು. ಹಂದಿಯನ್ನು ಸುತ್ತುವರಿಯಲು ಜನ ಸಾಲದೆಂದು ಜಾಕ್ ಅವರನ್ನು ಕರೆದುಕೊಂಡು ಹೋಗಿದ್ದ. ಇದನ್ನು ಬರೆಯುವಾಗ ‘ಜಾಕ್‌ನ ಬೇಜವಾಬ್ದಾರಿ’ ಎಂದಷ್ಟೇ ಮುಗಿಸಬೇಡಿ. ಅವಳಿಗಳಿಗೆ ಎರಡು ಆಜ್ಞೆ ಇದ್ದವು: ಬೆಂಕಿ ಕಾಯಿ ಎಂಬ ಹಳೆಯ ಆಜ್ಞೆ, ಬಾ ಎಂಬ ಹೊಸ ಆಜ್ಞೆ. ಎದುರಿಗೆ ನಿಂತವನ ಆಜ್ಞೆ ಗೆದ್ದಿತು. ಆ ದಿನ ಬೆಟ್ಟ ಹತ್ತಿ ನೋಡಿ ಬರುವ ಪದ್ಧತಿ ಯಾರಿಗೂ ಇರಲಿಲ್ಲ, ರಾಲ್ಫ್‌ಗೂ.

ನಂತರದ ದೃಶ್ಯ ರಾಲ್ಫ್‌ನ ನಾಯಕತ್ವದ ಅತ್ಯುತ್ತಮ ಗಳಿಗೆ, ಅದನ್ನು ಹೆಚ್ಚಿನ ಪ್ರಬಂಧಗಳು ಮುಟ್ಟುವುದೇ ಇಲ್ಲ. ಜಾಕ್ ಕ್ಷಮೆ ಕೇಳುತ್ತಾನೆ, ಹುಡುಗರಿಗೆ ಅದು ದೊಡ್ಡತನವಾಗಿ ಕಾಣುತ್ತದೆ. ರಾಲ್ಫ್ ಕೂಗಾಡುವುದಿಲ್ಲ. ಬೆಂಕಿ ಹೊತ್ತಿಸಿ ಎಂದಷ್ಟೇ ಹೇಳಿ ಹಳೆಯ ಬೂದಿಯ ನಡುವೆ ನಿಂತುಬಿಡುತ್ತಾನೆ. ಅವನಿಗೆ ಪಕ್ಕಕ್ಕೆ ಸರಿ ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಅನುಕೂಲವಲ್ಲದಿದ್ದರೂ ಬೇರೆ ಜಾಗದಲ್ಲಿ ಸೌದೆ ಒಟ್ಟುತ್ತಾರೆ. ಇನ್ನೊಂದು ಮಾತೂ ಆಡದೆ ತಾನೇ ಮುಖ್ಯಸ್ಥನೆಂದು ಅವನು ತೋರಿಸಿಕೊಟ್ಟ. ಅದಾಗಿ ಸ್ವಲ್ಪ ಹೊತ್ತಿಗೆ ಹಂದಿ ಬೇಯುತ್ತದೆ. ಬೇಡ ಎನ್ನಬೇಕೆಂದುಕೊಂಡಿದ್ದ ರಾಲ್ಫ್ ವಾಸನೆ ತಡೆಯಲಾರದೆ ಮಾಂಸ ತೆಗೆದುಕೊಳ್ಳುತ್ತಾನೆ. ಗಳಿಸಿದ್ದು ಅಲ್ಲೇ ಕರಗಿತು. ಕೊಡುವವನು ಜಾಕ್, ತಿನ್ನುವವನು ರಾಲ್ಫ್, ಎಲ್ಲರೂ ನೋಡುತ್ತಿದ್ದರು.

ಈಗ ಸಭೆಗೆ ಬನ್ನಿ. ರಾಲ್ಫ್ ಈ ಸಲ ತಯಾರಾಗಿಯೇ ಬಂದಿದ್ದಾನೆ, ಕಡಲ ದಂಡೆಯಲ್ಲಿ ಅಡ್ಡಾಡುತ್ತ ಅಂಶಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಾನೆ. ಆದರೂ ಸಭೆ ಮುರಿದುಬೀಳುತ್ತದೆ. ಕಾರಣಗಳನ್ನು ಬಿಡಿಬಿಡಿಯಾಗಿ ತೆಗೆಯಿರಿ.

ಹೊತ್ತು ತಪ್ಪಾಗಿತ್ತು. ಸಂಜೆ ಇಳಿಯುತ್ತಿರುವಾಗ ಕರೆದ ಸಭೆ ಕತ್ತಲಾಗುವವರೆಗೆ ಎಳೆಯಿತು. ಕತ್ತಲಿಗೆ ಹೆದರುವ ಮಕ್ಕಳೊಂದಿಗೆ ಭಯದ ವಿಷಯ ಮಾತಾಡಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ.

ಕ್ರಮವೂ ತಪ್ಪಿತು. ನೀರು, ಗುಡಿಸಲು, ಶೌಚ, ಬೆಂಕಿ ಎಂದು ಕೆಲಸದ ಮಾತು ಮುಗಿಸಿದ ರಾಲ್ಫ್ ಅಲ್ಲಿಗೆ ನಿಲ್ಲಿಸಿದ್ದರೆ ಹುಡುಗರು ಒಂದಿಷ್ಟು ಆಜ್ಞೆ ಹೊತ್ತು ಮಲಗುತ್ತಿದ್ದರು. ಅವನು ಭಯವನ್ನು ಕೊನೆಗೆ ಇಟ್ಟ. ಸಭೆಯಲ್ಲಿ ಕೊನೆಗೆ ಕೇಳಿದ್ದೇ ತಲೆಯಲ್ಲಿ ಉಳಿಯುತ್ತದೆ. ಚಿಪ್ಪಿನ ನೀರು ಯಾರಿಗೂ ನೆನಪಿರಲಿಲ್ಲ. ತಾವೆಲ್ಲ ಹೆದರುತ್ತಿದ್ದ ಕಾಣದ ಮೃಗ ಕಡಲಿನಿಂದ ಬರುತ್ತದೆ ಎಂಬ ಪುಟ್ಟ ಪರ್ಸಿವಲ್‌ನ ಮಾತು ಎಲ್ಲರ ಮನಸ್ಸಿನಲ್ಲೂ ಕೂತಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು. ದೆವ್ವ ಇದೆಯೋ ಇಲ್ಲವೋ ಎಂದು ರಾಲ್ಫ್ ಕೈ ಎತ್ತಿಸಿದ. ಪಾಳಿಯನ್ನು ಮತಕ್ಕೆ ಹಾಕಬಹುದು, ಜಾಗವನ್ನು ಮತಕ್ಕೆ ಹಾಕಬಹುದು. ದೆವ್ವದ ಇರವನ್ನು ಮತಕ್ಕೆ ಹಾಕಿದರೆ, ಬಹುಮತ ಬಂದ ಕೂಡಲೇ ಅದು ಇದ್ದಂತೆಯೇ ಲೆಕ್ಕ. ಶಂಖ, ಮಾತಿನ ಸರದಿ, ಮತ ಎಂಬ ಒಳ್ಳೆಯ ಸಾಧನಗಳನ್ನೇ ಬಳಸಿ ರಾಲ್ಫ್ ಭಯಕ್ಕೆ ಮಾನ್ಯತೆ ಕೊಟ್ಟುಬಿಟ್ಟ. ವಿಚಿತ್ರವೆಂದರೆ ಅದೇ ಸಭೆಯ ಮೊದಲ ಭಾಗದಲ್ಲಿ ಹುಡುಗರಿಗೆ ಹೆಚ್ಚು ಧೈರ್ಯ ಕೊಟ್ಟವನು ಜಾಕ್: ದ್ವೀಪವೆಲ್ಲ ಸುತ್ತಿದ್ದೇನೆ, ಕಾಡಿನಲ್ಲಿ ಮೃಗವಿಲ್ಲ ಎಂದ. ಕೊನೆಗೆ ಮೃಗವಿದ್ದರೆ ಬೇಟೆಯಾಡುತ್ತೇವೆ ಎಂದು ಕೂಗಿ ಗುಂಪನ್ನು ಎಬ್ಬಿಸಿಕೊಂಡು ಹೋದವನೂ ಅವನೇ.

ಮಕ್ಕಳು ಕತ್ತಲಲ್ಲಿ ಕುಣಿಯುತ್ತ ಚದುರಿದ ಮೇಲೆ ಪಿಗ್ಗಿ ಶಂಖ ಊದು ಎನ್ನುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿ ಯಾರೂ ಬರದಿದ್ದರೆ ಎಲ್ಲ ಮುಗಿಯಿತು ಎಂಬುದು ಅವನ ಲೆಕ್ಕ. ಇದನ್ನು ಹೇಡಿತನ ಎನ್ನುವ ಪ್ರಬಂಧಗಳಿವೆ, ವಿವೇಕ ಎನ್ನುವ ಪ್ರಬಂಧಗಳಿವೆ. ಎರಡರಲ್ಲಿ ಯಾವುದನ್ನು ಬೇಕಾದರೂ ವಾದಿಸಬಹುದು. ನಮ್ಮ ಮಟ್ಟಿಗೆ ವಿವೇಕವೇ ಸರಿ. ಬಳಸಿದರೆ ಮುರಿಯಬಹುದಾದ ಅಧಿಕಾರ ತನ್ನದೆಂದು ಅವನಿಗೆ ಆ ರಾತ್ರಿ ಅರ್ಥವಾಗಿತ್ತು. ಅರ್ಥವಾದ ಮೇಲೆ ಅದನ್ನು ಗಟ್ಟಿ ಮಾಡಲು ಏನು ಮಾಡಿದ ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ.

ಹಂತ 5: ಜಾಕ್‌ಗೆ ಸಲ್ಲಬೇಕಾದ್ದನ್ನು ಸಲ್ಲಿಸಿ

ಜಾಕ್‌ನನ್ನು ಬರೀ ಖಳನಾಯಕನನ್ನಾಗಿ ಮಾಡಿದರೆ ನಿಮ್ಮ ವಾದವೇ ಸೊರಗುತ್ತದೆ. ಅವನು ಹೇಳಿದ್ದನ್ನು ಮಾಡುತ್ತಾನೆ: ಮಾಂಸ ತರುತ್ತೇನೆಂದ, ತಂದ. ಹುಡುಗರಿಗೆ ಹಿಡಿಯಲು ಈಟಿ, ಬಳಿದುಕೊಳ್ಳಲು ಬಣ್ಣ, ಕುಣಿಯಲು ಹಾಡು ಕೊಟ್ಟ. ರಾಲ್ಫ್ ಕೊಡುವ ಫಲ ಎಂದೋ ಬರುವ ಹಡಗು. ಜಾಕ್ ಕೊಡುವುದು ಇವತ್ತಿನ ಊಟ.

8ನೇ ಅಧ್ಯಾಯದ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಡಿ. ರಾಲ್ಫ್ ಮುಖ್ಯಸ್ಥನಾಗಿರಬಾರದು ಎನ್ನುವವರು ಕೈ ಎತ್ತಿ ಎಂದು ಜಾಕ್ ಕೇಳುತ್ತಾನೆ. ಒಂದು ಕೈಯೂ ಏಳುವುದಿಲ್ಲ. ಕಣ್ಣೀರು ತುಂಬಿಕೊಂಡು ಅವನು ಒಬ್ಬನೇ ಹೊರಟುಹೋಗುತ್ತಾನೆ. ಅದೇ ದಿನ, ಗದ್ದಲವಿಲ್ಲದೆ, ದೊಡ್ಡ ಹುಡುಗರು ಒಬ್ಬೊಬ್ಬರಾಗಿ ಅವನ ಹಿಂದೆ ಜಾರಿಕೊಳ್ಳುತ್ತಾರೆ. ಎದುರಿಗೆ ಕೈ ಎತ್ತಲು ನಾಚಿಕೆ, ಬೆನ್ನ ಹಿಂದೆ ಹೋಗಲು ನಾಚಿಕೆಯಿಲ್ಲ. ಕೈ ಎತ್ತಿದ್ದನ್ನು ಒಂದು ಕಾಲಂನಲ್ಲಿ, ಕಾಲು ಎತ್ತ ಹೋಯಿತು ಎಂಬುದನ್ನು ಇನ್ನೊಂದರಲ್ಲಿ ಬರೆದುಕೊಂಡರೆ ರಾಲ್ಫ್‌ನ ಸೋಲು ಒಂದೇ ನೋಟಕ್ಕೆ ಸಿಗುತ್ತದೆ.

ಇಷ್ಟು ಒಪ್ಪಿಕೊಂಡ ಮೇಲೆ ಜಾಕ್‌ನನ್ನು ಅದೇ ಅಳತೆಗೋಲಿಗೆ ಒಡ್ಡಿ. 9ನೇ ಅಧ್ಯಾಯದ ಔತಣದಲ್ಲಿ ಅವನು ಮರದ ದಿಮ್ಮಿಯ ಮೇಲೆ ದೊರೆಯಂತೆ ಕೂತಿದ್ದಾನೆ. ಗುಡುಗು ಬರುತ್ತದೆ, ದಪ್ಪ ಹನಿ ಬೀಳುತ್ತದೆ. ನಿಮ್ಮ ಗುಡಿಸಲು ಎಲ್ಲಿವೆ, ಈಗೇನು ಮಾಡುತ್ತೀರಿ ಎಂದು ರಾಲ್ಫ್ ಕೇಳುತ್ತಾನೆ. ಜಾಕ್‌ನ ಬಳಿ ಉತ್ತರವಿಲ್ಲ, ಕುಣಿಯಿರಿ ಎಂಬ ಆಜ್ಞೆ ಇದೆ. ಆ ಕುಣಿತದ ವರ್ತುಲದೊಳಗೆ, ಮೃಗವೆಂದರೆ ಸತ್ತ ಪ್ಯಾರಾಚೂಟ್ ಸೈನಿಕನಷ್ಟೇ ಎಂದು ಹೇಳಲು ಬಂದ ಸೈಮನ್ ಸಾಯುತ್ತಾನೆ. ಒಂದು ಸೂರಿನ ಪ್ರಶ್ನೆಗೆ ಕುಣಿತದ ಉತ್ತರ, ಅದಕ್ಕೆ ಒಂದು ಜೀವ. ಪುಸ್ತಕದಲ್ಲಿ ಕಾರಣ ಮತ್ತು ಪರಿಣಾಮ ಇಷ್ಟು ಹತ್ತಿರ ನಿಂತಿರುವ ಜಾಗ ಇನ್ನೊಂದಿಲ್ಲ. ಇದನ್ನು ಉದಾಹರಿಸದ ಪ್ರಬಂಧಕ್ಕೆ ಅಂಕ ಕಡಿಮೆಯಾದರೆ ಆಶ್ಚರ್ಯಪಡಬೇಕಿಲ್ಲ.

ಜಾಕ್‌ನ ಕೋಟೆಯಲ್ಲಿ ಕೆಲಸಗಳು ನಡೆಯುತ್ತವೆ, ನಿಜ. ಕಾವಲಿದೆ, ಉರುಳಿಸಲು ಬಂಡೆ ಸಿದ್ಧವಿದೆ. ಆದರೆ ಬೆಂಕಿ ಹೊತ್ತಿಸುವ ಉಪಾಯ ಅವನಿಗಿಲ್ಲ. ಮೊದಲು ಕೊಳ್ಳಿ ಕದಿಯುತ್ತಾನೆ, ಆಮೇಲೆ ರಾತ್ರಿ ನುಗ್ಗಿ, ಬೆಂಕಿ ಹೊತ್ತಿಸಲು ಬಳಸುತ್ತಿದ್ದ ಪಿಗ್ಗಿಯ ಕನ್ನಡಕವನ್ನೇ. ವಿಲ್ಫ್ರೆಡ್ ಎಂಬ ಹುಡುಗನನ್ನು ಕಟ್ಟಿ ಹೊಡೆಯಲು ಇಟ್ಟಿದ್ದಾರೆ, ಯಾಕೆಂದು ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲ. ಮೃಗ ವೇಷ ಮರೆಸಿ ಬರುತ್ತದೆ, ಮತ್ತೆ ಬರಬಹುದು ಎಂದು ಹೇಳಿ ಭಯವನ್ನು ಉಳಿಸಿಕೊಳ್ಳುತ್ತಾನೆ. ಭಯ ಹೋದರೆ ಅವನ ಕೆಲಸವೂ ಹೋಗುತ್ತದೆ. ಕೊನೆಯಲ್ಲಿ ರಾಲ್ಫ್‌ನನ್ನು ಹೊರಗೆಳೆಯಲು ಅವರು ದ್ವೀಪಕ್ಕೇ ಬೆಂಕಿ ಇಡುತ್ತಾರೆ. ಬೆನ್ನಟ್ಟಿಸಿಕೊಂಡು ಅಡಗಿರುವ ರಾಲ್ಫ್‌ಗೆ ಆಗ ಹೊಳೆಯುವುದು ಹಣ್ಣಿನ ಮರಗಳೂ ಸುಡುತ್ತವೆ, ಇವರು ನಾಳೆ ತಿನ್ನುವುದೇನು ಎಂಬ ಯೋಚನೆ. ಈಟಿ ಹಿಡಿದವರಲ್ಲಿ ಒಬ್ಬನೂ ಅದನ್ನು ಯೋಚಿಸಿರಲಿಲ್ಲ.

ಆ ಬೆಂಕಿಯ ಹೊಗೆ ನೋಡಿಯೇ ನೌಕಾಪಡೆಯವರು ಬಂದರು, ಹಾಗಾಗಿ ರಕ್ಷಿಸಿದ್ದು ಜಾಕ್ ಎಂದು ವಾದಿಸುವವರು ಸಿಗುತ್ತಾರೆ. ಗುರಿ ಇಟ್ಟದ್ದು ಕೊಲ್ಲಲು, ಫಲಿಸಿದ್ದು ಬೇರೆ. ಅದೃಷ್ಟವನ್ನು ನಾಯಕತ್ವದ ಖಾತೆಗೆ ಜಮಾ ಮಾಡಬೇಡಿ.

ಹಂತ 6: ಉಳಿದವರು, ಮತ್ತು ಎಣಿಕೆ

ಸೈಮನ್ ಸತ್ಯ ಕಂಡವನು, ಹೇಳಲು ಬಾರದವನು. ನಾಯಕತ್ವದ ಪ್ರಬಂಧದಲ್ಲಿ ಅವನಿಗೆ ಮೂರ್ನಾಲ್ಕು ವಾಕ್ಯ ಸಾಕು. ರೋಜರ್ ಮುಖ್ಯಸ್ಥನಾಗಲು ಬಯಸುವವನಲ್ಲ, ಮುಖ್ಯಸ್ಥನ ನೆರಳಿನಲ್ಲಿ ಬೆಳೆಯುವವನು. ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಂದವನು ಅವನು, ಜಾಕ್‌ನ ಆಜ್ಞೆಗೆ ಕಾಯಲಿಲ್ಲ. ಭಯದಿಂದ ಆಳುವವನು ತನ್ನ ಕೈಕೆಳಗಿನವರನ್ನೂ ಹತೋಟಿಯಲ್ಲಿಡಲಾರ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಪಿಗ್ಗಿಯ ವಿಷಯದಲ್ಲಿ ‘ಅವನ ಮಾತು ಕೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು’ ಎಂಬ ಸರಾಗ ತೀರ್ಮಾನಕ್ಕೆ ಹೋಗಬೇಡಿ. ಅವನ ಸಲಹೆ ಹೆಚ್ಚಾಗಿ ಸರಿ. ಮೃಗವಿರುವ ಬೆಟ್ಟಕ್ಕೆ ಹೋಗಲು ಹೆದರಿಕೆಯಾದರೆ ಬೆಂಕಿಯನ್ನೇ ದಂಡೆಗೆ ಇಳಿಸೋಣ ಎಂಬ ಸರಳ ಉಪಾಯ ಹೊಳೆದದ್ದು ಅವನಿಗೊಬ್ಬನಿಗೆ. ಆದರೆ ಅವನು ಬೈಯುವ ದನಿಯಲ್ಲಿ ಹೇಳುತ್ತಾನೆ, ಹುಡುಗರು ನಗುತ್ತಾರೆ. ಅವನ ಬುದ್ಧಿ ಕೆಲಸಕ್ಕೆ ಬರಬೇಕಾದರೆ ರಾಲ್ಫ್‌ನ ಬಾಯಿ ಬೇಕು. ಮೊದಲ ದಿನವೇ ಅವನ ಅಡ್ಡಹೆಸರನ್ನು ಎಲ್ಲರೆದುರು ಬಯಲು ಮಾಡಿ ನಗಿಸಿದ ರಾಲ್ಫ್, ತನ್ನ ಅತಿ ಮುಖ್ಯ ಸಲಹೆಗಾರನ ಬೆಲೆಯನ್ನು ತಾನೇ ಇಳಿಸಿದ್ದ.

ಇನ್ನು ಎಣಿಕೆ. ಮೊದಲ ಸಭೆಯಿಂದಲೂ ಹೆಸರುಗಳ ಪಟ್ಟಿ ಮಾಡಬೇಕೆಂದು ಪಿಗ್ಗಿ ಹೇಳುತ್ತಲೇ ಬಂದ. 2ನೇ ಅಧ್ಯಾಯದಲ್ಲಿ ಕೈಮೀರಿದ ಬೆಂಕಿಯ ನಂತರ, ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಹುಡುಗ ಕಾಣುವುದಿಲ್ಲ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಕಡೆಯವರೆಗೂ ತಿಳಿಯುವುದಿಲ್ಲ. 12ನೇ ಅಧ್ಯಾಯದಲ್ಲಿ ಅಧಿಕಾರಿ ಬಂದು ಇಲ್ಲಿ ಮುಖ್ಯಸ್ಥ ಯಾರು ಎಂದು ಕೇಳುತ್ತಾನೆ. ನಾನು ಎಂದು ರಾಲ್ಫ್ ದನಿಯೆತ್ತಿ ಹೇಳುತ್ತಾನೆ; ಮುಂದೆ ಬರಹೊರಟ ಜಾಕ್ ಅಲ್ಲೇ ನಿಲ್ಲುತ್ತಾನೆ. ನೀವು ಎಷ್ಟು ಜನರೆಂದು ನಿನಗೆ ಗೊತ್ತಿಲ್ಲವೇ ಎಂಬುದು ಅಧಿಕಾರಿಯ ಮುಂದಿನ ಪ್ರಶ್ನೆ. ಗೊತ್ತಿಲ್ಲ ಎನ್ನುತ್ತಾನೆ ರಾಲ್ಫ್. ಹೊಣೆ ಹೊರಲು ಸಿದ್ಧನಿರುವ ನಾಯಕ, ಯಾರಿಗೆ ಹೊಣೆಯೆಂದು ಎಣಿಸದ ನಾಯಕ, ಇಬ್ಬರೂ ಆ ಎರಡು ಉತ್ತರಗಳಲ್ಲಿದ್ದಾರೆ.

ಹಂತ 7: ಹೋಲಿಕೆ ಬೇಕಿದ್ದರೆ

ಅಗತ್ಯವಿದ್ದರೆ ಮಾತ್ರ, ಒಂದು ಪ್ಯಾರಾದಲ್ಲಿ. ಬ್ಯಾಲಂಟೈನ್‌ನ 1857ರ ‘ದಿ ಕೋರಲ್ ಐಲೆಂಡ್’ ಕಾದಂಬರಿಯಿಂದ ಗೋಲ್ಡಿಂಗ್ ರಾಲ್ಫ್, ಜಾಕ್ ಎಂಬ ಹೆಸರುಗಳನ್ನೇ ಎತ್ತಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾಯಕತ್ವದ ಚರ್ಚೆಗೆ ಅದರಿಂದ ಹೆಚ್ಚೇನೂ ಸಿಗದು. ಜೂಲ್ಸ್ ವರ್ನ್‌ನ 1888ರ ‘ಎರಡು ವರ್ಷದ ರಜೆ’ ಹೆಚ್ಚು ಉಪಯುಕ್ತ. ಅಲ್ಲಿ 8ರಿಂದ 14 ವರ್ಷದ 15 ಹುಡುಗರು ದ್ವೀಪ ಸೇರುತ್ತಾರೆ, ಗಾರ್ಡನ್ ಎಂಬವನನ್ನು ಒಂದು ವರ್ಷದ ಅವಧಿಗೆ ಮುಖ್ಯಸ್ಥನನ್ನಾಗಿ ಆರಿಸುತ್ತಾರೆ. ಅವಧಿ ಮುಗಿದ ಮೇಲೆ ಮತ್ತೆ ಚುನಾವಣೆ, ಬ್ರಿಯಾನ್ ಗೆಲ್ಲುತ್ತಾನೆ. ಸೋತ ಡೊನಿಫಾನ್ ಮೂವರೊಂದಿಗೆ ಬೇರೆಯಾಗುತ್ತಾನೆ, ಆದರೆ ತಿರುಗಿ ಬರುತ್ತಾನೆ. ಅವಧಿ ಗೊತ್ತಿದ್ದರೆ ಎದುರಾಳಿ ಕಾಯಬಲ್ಲ. ರಾಲ್ಫ್‌ನ ಅಧಿಕಾರಕ್ಕೆ ಅವಧಿಯೇ ಇರಲಿಲ್ಲ, ಜಾಕ್ ಕಾಯಬೇಕಾದದ್ದು ಯಾವುದಕ್ಕೆ?

ನಿಜ ಜೀವನದ ಉದಾಹರಣೆಯಾಗಿ ಟೊಂಗಾದ ಆರು ಶಾಲಾ ಹುಡುಗರ ಕತೆ ಈಚೆಗೆ ಎಲ್ಲ ಕಡೆ ಬರುತ್ತಿದೆ. 1965ರಲ್ಲಿ ದೋಣಿಯಲ್ಲಿ ಹೋಗಿ ಅಟಾ ಎಂಬ ನಿರ್ಜನ ದ್ವೀಪ ಸೇರಿದ ಅವರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, 1966ರಲ್ಲಿ ಪೀಟರ್ ವಾರ್ನರ್ ಎಂಬ ಆಸ್ಟ್ರೇಲಿಯಾದ ನಾವಿಕನ ಕಣ್ಣಿಗೆ ಬಿದ್ದರು. ಇಬ್ಬಿಬ್ಬರ ಜೋಡಿ ಮಾಡಿ ಪಾಳಿಯಲ್ಲಿ ಕೆಲಸ ಹಂಚಿಕೊಂಡರು, ಬೆಂಕಿ ಆರಲು ಬಿಡಲಿಲ್ಲ, ಜಗಳವಾದರೆ ದೂರ ಹೋಗಿ ತಣ್ಣಗಾಗಿ ಬರುತ್ತಿದ್ದರು. ‘ಆದ್ದರಿಂದ ಗೋಲ್ಡಿಂಗ್ ಹೇಳಿದ್ದು ಸುಳ್ಳು’ ಎಂದು ಮಾತ್ರ ಬರೆಯಬೇಡಿ. ಅವರು ಆರೇ ಜನ, ಒಂದೇ ಶಾಲೆಯವರು, ಪರಸ್ಪರ ಗೊತ್ತಿದ್ದವರು. ಕಾದಂಬರಿಯಲ್ಲಿರುವುದು ಎಣಿಕೆಗೆ ಸಿಗದಷ್ಟು ಮಕ್ಕಳು, ಹಲವರು ಆರು ವರ್ಷದವರು. ಹೋಲಿಸಬೇಕಾದದ್ದು ಪಾಳಿಯನ್ನು. ಗುಂಪು ಒಡೆದ ಮೇಲೆ, 10ನೇ ಅಧ್ಯಾಯದಲ್ಲಿ, ನಾಲ್ವರಿಂದ ರಾತ್ರಿಯ ಬೆಂಕಿ ಸಾಗುವುದಿಲ್ಲವೆಂದು ಕೈಬಿಡುವ ರಾಲ್ಫ್‌ನ ಪಕ್ಕದಲ್ಲಿ ಈ ಆರು ಜನರನ್ನಿಟ್ಟು ನೋಡಿ.

ಹಂತ 8: ಬರೆಯುವುದು

ವಾದವನ್ನು ಒಂದೇ ವಾಕ್ಯಕ್ಕೆ ಇಳಿಸಿ. ‘ರಾಲ್ಫ್ ಒಳ್ಳೆಯ ನಾಯಕ, ಜಾಕ್ ಕೆಟ್ಟ ನಾಯಕ’ ಎಂಬುದು ವಾದವಲ್ಲ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ‘ಏನು ಮಾಡಬೇಕೆಂದು ರಾಲ್ಫ್‌ಗೆ ಗೊತ್ತಿತ್ತು, ಮಾಡಿಸುವುದು ಗೊತ್ತಿರಲಿಲ್ಲ, ಮಾಡಿಸುವುದು ಜಾಕ್‌ಗೆ ಗೊತ್ತಿತ್ತು, ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ’ ಎಂದು ಶುರು ಮಾಡಿದರೆ ಓದುವವನಿಗೆ ಪುರಾವೆ ಕೇಳಬೇಕೆನಿಸುತ್ತದೆ.

ಸಾವಿರ ಪದಗಳ ಪ್ರಬಂಧವಾದರೆ ಹಂಚಿಕೆ ಹೀಗಿರಲಿ. ಪ್ರವೇಶ ಮತ್ತು ಅಳತೆಗೋಲು 120, ರಾಲ್ಫ್‌ನ ಅಧಿಕಾರದ ಮೂಲ 150, ಹಡಗು ಮತ್ತು ಸಭೆ 300, ಜಾಕ್ 250, ಪಿಗ್ಗಿ ಮತ್ತು ರೋಜರ್ 100, ಉಳಿದ 80 ಪದ ಕೊನೆಯ ದೃಶ್ಯಕ್ಕೆ. ನಡುವಿನ 300ನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ಉಲ್ಲೇಖ ಚಿಕ್ಕದಿರಲಿ, ಒಂದು ಸಾಲು ಮೀರದಿರಲಿ; ಉದ್ದದ ಉಲ್ಲೇಖ ಪುಟ ತುಂಬಿಸುತ್ತದೆ, ವಾದವನ್ನು ತುಂಬಿಸುವುದಿಲ್ಲ.

ಒಂದು ಪ್ಯಾರಾ ಹೇಗಿರಬೇಕೆಂಬುದಕ್ಕೆ ಮಾದರಿ: ‘ಮೂರು ಗುಡಿಸಲು ಕಟ್ಟಿದವರ ಸಂಖ್ಯೆ ಎಲ್ಲರಿಂದ ನಾಲ್ವರಿಗೆ, ನಾಲ್ವರಿಂದ ಇಬ್ಬರಿಗೆ ಇಳಿಯಿತು. ಇದನ್ನು ಸಭೆಯ ಮುಂದಿಟ್ಟವನು ರಾಲ್ಫ್‌ನೇ, ಆದರೆ ದೂರಿನ ರೂಪದಲ್ಲಿ. ನಾಲ್ಕನೆಯದನ್ನು ಯಾರು ಕಟ್ಟಬೇಕೆಂದು ಅವನು ಹೆಸರು ಹಿಡಿದು ಹೇಳಲಿಲ್ಲ. ಹೀಗಾಗಿ ಹುಡುಗರು ನಾಚಿಕೊಂಡರು, ಎದ್ದುಹೋದರು.’ ಇದರಲ್ಲಿ ಸಂಗತಿ ಇದೆ, ಅದರಿಂದ ತೆಗೆದ ತೀರ್ಪು ಇದೆ, ವಿಶೇಷಣಗಳಿಲ್ಲ.

ಪಾತ್ರಗಳನ್ನು ಸಂಕೇತವನ್ನಾಗಿ ಮಾತ್ರ ಬಳಸುವುದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ: ಶಂಖವೆಂದರೆ ಪ್ರಜಾಪ್ರಭುತ್ವ, ಕನ್ನಡಕವೆಂದರೆ ವಿಜ್ಞಾನ, ಅಲ್ಲಿಗೆ ಮುಗಿಯಿತು. ಶಂಖ ಒಡೆದಾಗ ಪ್ರಜಾಪ್ರಭುತ್ವ ಒಡೆಯಿತು ಎಂದು ಬರೆಯುವ ಮೊದಲು, ಅದು ಒಡೆಯುವುದಕ್ಕೆ ಎಷ್ಟು ಮೊದಲೇ ಜಾಕ್ ಅದರ ಮಾತು ಕೇಳುವುದನ್ನು ಬಿಟ್ಟಿದ್ದ ಎಂದು ಪುಟ ತಿರುಗಿಸಿ ನೋಡಿ. ಇನ್ನೊಂದು, ರಾಲ್ಫ್‌ನನ್ನು ಕಳಂಕವಿಲ್ಲದವನನ್ನಾಗಿ ಮಾಡುವುದು. ಸೈಮನ್ ಸತ್ತ ರಾತ್ರಿ ಆ ವರ್ತುಲದಲ್ಲಿ ರಾಲ್ಫ್ ಮತ್ತು ಪಿಗ್ಗಿ ಇಬ್ಬರೂ ಇದ್ದರು.

ಕರಡು ಮುಗಿದ ಮೇಲೆ ‘ಒಳ್ಳೆಯ’, ‘ಕೆಟ್ಟ’, ‘ಕ್ರೂರ’ ಎಂಬ ಪದಗಳಿಗೆ ಕೆಂಪು ಗೆರೆ ಎಳೆಯಿರಿ. ಪ್ರತಿ ಗೆರೆಯ ಪಕ್ಕದಲ್ಲಿ ಅಧ್ಯಾಯದ ಸಂಖ್ಯೆ ಬರೆಯಲು ಸಾಧ್ಯವೇ ನೋಡಿ. ಸಂಖ್ಯೆ ಸಿಗದ ವಾಕ್ಯವನ್ನು ತೆಗೆದುಹಾಕಿ, ಅಥವಾ ಹಂತ 2ರ ಪಟ್ಟಿಗೆ ಹಿಂತಿರುಗಿ ಅದಕ್ಕೊಂದು ಸಾಲು ಹುಡುಕಿ.